ಹದಿನಾರನೆಯ ದಿನ

7 ಫೆಬ್ರವರಿ 1988, ಭಾನುವಾರ

ಇವತ್ತು ಟೆರೇಸಿನ ಮೇಲೆ ನಮ್ಮ ಶುಭಾಂಗಿ ಸೊಸೈಟಿಯ ಜನರಲ್ ಬಾಡಿ ಮೀಟಿಂಗ್. ಹದಿನಾರು ಫ್ಲಾಟು, ಮೂವತ್ತೆರಡು ಬಾಯಿ, ಕೇಳುವ ಕಿವಿ ಒಂದೂ ಇಲ್ಲ. ದಹಿಸರ್‌ಗೆ ಬಂದು ಹನ್ನೊಂದು ವರ್ಷವಾಯಿತು. ಈ ಜನ ಒಂದೇ ಒಂದು ವಿಷಯವನ್ನು ಅರ್ಧ ಗಂಟೆಯಲ್ಲಿ ಮುಗಿಸಿದ್ದನ್ನು ನಾನು ಕಂಡಿಲ್ಲ.

ವಿಷಯ ನೀರಿನ ಬಿಲ್ಲು. ಹಿಂದಿನ ಸಲದ ಎರಡರಷ್ಟು ಬಂದಿದೆ. ಏನಾಯಿತೆಂದರೆ, ನಮ್ಮ ಚೇರ್ಮನ್ ಪಾಟಣಕರ್ ದೀಪಾವಳಿಗೆ ಮುಂಚೆ ಗೇಟಿನ ಹತ್ತಿರ ಹೊಸ ಟೈಲ್ಸ್ ಹಾಕಿಸಿದರು. ಇಡೀ ಕಟ್ಟಡಕ್ಕೆ ಇರುವ ಒಂದೇ ಒಂದು ನೀರಿನ ಮೀಟರ್ ಅಲ್ಲೇ ನೆಲದ ಗುಂಡಿಯಲ್ಲಿದೆ. ಆ ಗುಂಡಿಯ ಮುಚ್ಚಳದ ಮೇಲೂ ಸಿಮೆಂಟ್ ಬಳಿದು, ಮೇಲೆ ಕಮಲದ ಚಿತ್ರದ ಟೈಲ್ಸ್ ಕೂರಿಸಿಬಿಟ್ಟಿದ್ದಾರೆ. ಮೀಟರ್ ಓದುವವನು ಬಂದು, ಹುಡುಕಿ, ಸಿಗದೆ, ವಾಚ್‌ಮನ್ ಕೊಟ್ಟ ಚಹಾ ಕುಡಿದು ಹೋಗಿದ್ದಾನೆ. ಮೀಟರ್ ಕಾಣದಿದ್ದರೆ ಅಂದಾಜಿನ ಬಿಲ್ಲು. ಅವನ ತಪ್ಪೇನೂ ಇಲ್ಲ. ನೀರಿನ ಮೊತ್ತ ಏರಿದರೆ ಅದರ ಬೆನ್ನಿಗೆ ಚರಂಡಿಯ ಶುಲ್ಕವೂ ಏರುತ್ತದೆ. ಬಳಸದ ನೀರಿಗೂ ದುಡ್ಡು, ಬಳಸದ ಆ ನೀರು ಮೋರಿಯಲ್ಲಿ ಹರಿದುಹೋಯಿತೆಂದು ಅದಕ್ಕೂ ದುಡ್ಡು.

ಟೈಲ್ಸ್ ಒಡೆಸಿರಿ ಎಂದೆ. 'ಚಿತ್ರ ಹಾಳಾಗುತ್ತೆ, ನೋಡೋಣ' ಎಂದರು ಪಾಟಣಕರ್. ಸದ್ಯಕ್ಕೆ ಬಿಲ್ಲನ್ನು ಎಂದಿನಂತೆ ಹದಿನಾರು ಸಮಪಾಲು ಮಾಡೋಣವಂತೆ. ನನಗೆ ಮೈ ಉರಿಯಿತು. ನಮ್ಮ ಹನ್ನೊಂದನೆಯ ಫ್ಲಾಟಿನಲ್ಲಿ ಇರುವವರು ನಾನು, ನನ್ನ ಹೆಂಡತಿ ರಮಾಮಣಿ, ಇಬ್ಬರೇ. ಎದುರಿನ ಹನ್ನೆರಡರಲ್ಲಿ ಆ ಜೋಳದ ಅಂಗಡಿಯವರು, ಬಿಜಾಪುರದ ಕಡೆಯವರು, ಒಂಬತ್ತು ಜನ. ಆ ಮನೆಯಲ್ಲಿ ಬೆಳಗಿನ ನೀರಿನ ಹೊತ್ತಿಗೆ ಕೊಡ, ಬಕೆಟ್, ಡ್ರಮ್ಮುಗಳ ಸದ್ದು ಕೇಳಿದರೆ ಮದುವೆ ಮನೆ ಅನ್ನಬೇಕು. ಅವರ ಸ್ನಾನಕ್ಕೆ ನಾನು ದುಡ್ಡು ಕೊಡಬೇಕೆ?

ತಲೆಲೆಕ್ಕದಲ್ಲಿ ಹಂಚಿರಿ ಎಂದೆ. ಚಿಕ್ಕ ಸಂಸಾರದವರೆಲ್ಲ ಚಪ್ಪಾಳೆ ತಟ್ಟಿದರು. ತಲೆ ಎಣಿಸುವವರು ಯಾರು? ಎಲ್ಲರೂ ನನ್ನ ಕಡೆ ನೋಡಿದರು. ಮೂವತ್ತೊಂದು ವರ್ಷ ಮಿಲ್ಲಿನ ಟೈಮ್ ಆಫೀಸಿನಲ್ಲಿ ಹಾಜರಿ ಬರೆದವನು ನಾನು. ನನ್ನ ಕಣ್ಣಿಗೆ ಮಣ್ಣೆರಚಿ ಒಬ್ಬ ಬದಲಿ ಕೆಲಸಗಾರನೂ ಒಳಗೆ ಹೋದದ್ದಿಲ್ಲ.

ಕಾಯಿದೆಯನ್ನೂ ಅಲ್ಲೇ ಬರೆದುಕೊಟ್ಟೆ. ಸತತ ಹದಿನೈದು ದಿನದವರೆಗೆ ಇದ್ದವರು ಅತಿಥಿ, ಲೆಕ್ಕಕ್ಕಿಲ್ಲ. ಹದಿನಾರನೆಯ ದಿನ ಖಾಯಂ. ಒಮ್ಮೆ ಖಾಯಂ ಆದವರು ಆ ತ್ರೈಮಾಸಿಕ ಮುಗಿಯುವವರೆಗೆ ಅದೇ ಫ್ಲಾಟಿನ ಲೆಕ್ಕದಲ್ಲಿ ಇರಬೇಕು. ರಿಜಿಸ್ಟರಿನಲ್ಲಿ ಹೆಸರು, ಮನೆಯವರೊಡನೆ ಸಂಬಂಧ, ವಾಸಕ್ಕೆ ಕಾರಣ. ಪಟ್ಟಿಯನ್ನು ಕೆಳಗಿನ ನೋಟಿಸ್ ಬೋರ್ಡಿಗೆ ಹಚ್ಚುವುದು. ಕಾರಣದ ಕಾಲಂ ಯಾಕೆ ಎಂದು ಯಾರೋ ಕೇಳಿದರು. ಕಾರಣ ಕೇಳಿದರೇ ಜನ ಸುಳ್ಳು ಹೇಳಲು ತಡವರಿಸುವುದು ಎಂದೆ.

14 ಫೆಬ್ರವರಿ, ಭಾನುವಾರ

ಮೊದಲ ಎಣಿಕೆ. ಮನುಷ್ಯರು ಇಷ್ಟು ಅಗ್ಗ ಎಂದು ಗೊತ್ತಿರಲಿಲ್ಲ. ಎರಡನೆಯ ಮಹಡಿಯ ಬ್ಯಾಂಕಿನವರು ಮಗ ಹಾಸ್ಟೆಲಿನಲ್ಲಿದ್ದಾನೆ ಎಂದರು. ಹಾಗೆ ಹೇಳುವಾಗ ಅವರ ಬೆನ್ನ ಹಿಂದೆಯೇ ಮಗ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ. ಐದನೆಯ ಫ್ಲಾಟಿನಲ್ಲಿ ಅಜ್ಜಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದ್ದರು. ಅಜ್ಜಿಗೆ ಕೆಮ್ಮು. ನಾನು ಕೆಮ್ಮು ನಿಲ್ಲುವ ತನಕ ನಿಂತು, ಬರೆದುಕೊಂಡು ಬಂದೆ.

ಎದುರು ಮನೆಯವರದು ಬೇರೆಯೇ ಹುಚ್ಚು. ಯಜಮಾನ ಮುರಿಗೆಪ್ಪ ಬಾಗಿಲಿಗೇ ಬಂದು, "ಒಂಬತ್ತ ಮಂದಿ ಅದೀವ್ರಿ ಸಾಹೇಬ್ರ, ಬರಕೋರ್ರಿ" ಎಂದ. ಐದು ವರ್ಷದೊಳಗಿನ ಮಕ್ಕಳಿಗೆ ಅರ್ಧ ತಲೆ ಎಂದು ನಾನು ಕಾಯಿದೆ ತಿಳಿಸಿದೆ. ಒಳಗಿನಿಂದ ಅವನ ಹೆಂಡತಿ ಗಂಗುಬಾಯಿ ಕೂಗಿದಳು. "ಅರ್ಧಾ ಯಾಕ್ರೀ? ನೀರ ಚೆಲ್ಲೂದು ಅದಽ ಹೆಚ್ಚ. ಪೂರಾ ಬರೀರಿ!"

ಬಿಟ್ಟುಕೊಟ್ಟ ಲಾಭವನ್ನು ಬೇಡ ಎನ್ನುವವರನ್ನು ಏನೆನ್ನಬೇಕು? ಲೆಕ್ಕ ತಿಳಿಯದವರು. ಅಂಗಡಿ ಹೇಗೆ ನಡೆಸುತ್ತಾರೋ. ಒಟ್ಟು ಅರವತ್ತೊಂಬತ್ತು ತಲೆ.

2 ಮಾರ್ಚ್, ಬುಧವಾರ

ದೊಡ್ಡ ಬೇಟೆ. ಪಾಟಣಕರ್ ಅವರ ಅತ್ತೆ ಸಾತಾರಾದಿಂದ ಬಂದು ಇವತ್ತಿಗೆ ಹದಿನೇಳು ದಿನ. ವಾಚ್‌ಮನ್ ಕಡೆಯಿಂದ ಖಚಿತ ಮಾಡಿಕೊಂಡು ಹೋದೆ. ಪಾಟಣಕರ್ ತಮ್ಮ ಮುರುಕು ಹಿಂದಿಯಲ್ಲಿ, "ಬೂಢೀ ಹೈ, ಘುಟ್ನೇ ಮೆ ದರ್ದ್ ಹೈ, ಜಾನೇ ದೋ ನಾ" ಎಂದರು. ಮೊಣಕಾಲು ನೋಯುವವರು ಸ್ನಾನ ಮಾಡುವುದಿಲ್ಲವೆ? ಆಕೆಯ ಎದುರಿಗೇ ಬರೆದೆ. ಕಾರಣದ ಕಾಲಂಗೆ 'ಮಗ ನೋಡಿಕೊಳ್ಳುತ್ತಿಲ್ಲ' ಎಂದು ಆಕೆಯೇ ಮರಾಠಿಯಲ್ಲಿ ಹೇಳಿದಳು, ನಾನು ಹಾಗೇ ಬರೆದೆ. ಆಕೆ ಅತ್ತಳು. ಕಾಯಿದೆಗೆ ಅಳು ಕೇಳಿಸುವುದಿಲ್ಲ.

ರಮಾಮಣಿ ರಾತ್ರಿಯ ಊಟಕ್ಕೆ ಬಡಿಸುತ್ತಾ, "ಅದನ್ನ ಬೋರ್ಡಿಗೂ ಹಾಕಿದ್ರಾ?" ಎಂದಳು. ಹಾಕಿದೆ ಎಂದೆ. ಸಾರು ತಣ್ಣಗಿತ್ತು.

19 ಮಾರ್ಚ್, ಶನಿವಾರ

ಮಗಳು ಸುಮಿತ್ರಾ ಬೆಂಗಳೂರಿನಿಂದ ಬಂದಿದ್ದಾಳೆ. ಕಾಗದವಿಲ್ಲ, ಫೋನಿಲ್ಲ, ಗಂಡ ಶೇಖರನೂ ಜೊತೆಗಿಲ್ಲ. ನಾಲ್ಕು ದಿನ ಇದ್ದು ಹೋಗಲು ಬಂದೆ ಎಂದಳು. ಎರಡು ಟ್ರಂಕು ತಂದಿದ್ದಾಳೆ. ದಾದರ್‌ನಿಂದ ಲೋಕಲ್ ರೈಲಿನಲ್ಲಿ ಅದನ್ನೆಲ್ಲ ಹೇಗೆ ಹತ್ತಿಸಿದಳೋ. ಒಂದರಲ್ಲಿ ಉಣ್ಣೆಯ ಸ್ವೆಟರ್ ಕಂಡಿತು. ಈ ಸೆಖೆಯಲ್ಲಿ ಸ್ವೆಟರ್! ಹೆಂಗಸರಿಗೆ ಪ್ಯಾಕಿಂಗ್ ಬರುವುದಿಲ್ಲ.

ರಿಜಿಸ್ಟರಿನಲ್ಲಿ ಬರೆದೆ: ಫ್ಲಾಟ್ 11, ಅತಿಥಿ ಒಬ್ಬರು, ಬಂದ ದಿನ 19. ಮನೆಯವರಾದರೂ ಬರೆಯಲೇಬೇಕು.

30 ಮಾರ್ಚ್, ಬುಧವಾರ

ಹನ್ನೆರಡನೆಯ ದಿನ. ಶೇಖರನಿಗೆ ಕಾಗದ ಹಾಕಿ ಒಂದು ವಾರವಾಯಿತು. ಉತ್ತರವಿಲ್ಲ. ಕೆಲಸದ ಒತ್ತಡ ಇರಬೇಕು. ಅಂಥ ಗಂಭೀರ ಅಳಿಯ ಎಲ್ಲರಿಗೂ ಸಿಗುವುದಿಲ್ಲ.

ಸುಮಿತ್ರಾ ಹಗಲೆಲ್ಲ ಎದುರು ಮನೆಯಲ್ಲಿ ಇರುತ್ತಾಳೆ. ಮುರಿಗೆಪ್ಪನ ತಾಯಿ ರಾಚವ್ವನ ಪಕ್ಕ ಕೂತು ರೊಟ್ಟಿ ತಟ್ಟುವುದನ್ನು ಕಲಿಯುತ್ತಿದ್ದಾಳಂತೆ. ಬಿ.ಎಸ್ಸಿ. ಓದಿಸಿದ್ದಕ್ಕೆ ಸಾರ್ಥಕವಾಯಿತು.

2 ಏಪ್ರಿಲ್, ಶನಿವಾರ

ಇವತ್ತಿಗೆ ಹದಿನೈದು. ನಾಳೆ ಹದಿನಾರು. ನಾಳೆ ಖಾಯಂ ಎಂದು ಬರೆಯಬೇಕು. ದುಡ್ಡಿನ ಮಾತಲ್ಲ. ಒಂದು ತಲೆಗೆ ಬರುವ ನೀರಿನ ಪಾಲು ಎರಡು ಡಬ್ಬಿ ನಶ್ಯಕ್ಕೆ ಸಾಲದು. ಆದರೆ ಬೋರ್ಡಿನ ಮೇಲೆ 'ಮದುವೆಯಾದ ಮಗಳು, ಖಾಯಂ' ಎಂದು ಕಂಡರೆ ಈ ಕಟ್ಟಡದ ಹದಿನಾರು ಮನೆಗಳೂ ಕಾರಣದ ಕಾಲಂ ಓದಲು ಇಳಿದುಬರುತ್ತವೆ. ಪಾಟಣಕರ್ ಕನ್ನಡಕ ಒರೆಸಿಕೊಂಡು ಎರಡು ಸಲ ಓದುತ್ತಾರೆ. ಆ ಕಾಲಂನಲ್ಲಿ ಏನು ಬರೆಯಲಿ?

ಕಾಯಿದೆಯನ್ನು ಮತ್ತೆ ಓದಿದೆ. 'ಸತತ' ಎಂದಿದೆ. ಒಂದು ರಾತ್ರಿ ಬೇರೆ ಕಡೆ ಮಲಗಿದರೆ ಸತತ ತಪ್ಪಿತು, ಎಣಿಕೆ ಒಂದರಿಂದ ಶುರು. ರಮಾಮಣಿಯ ಅಣ್ಣ ರಾಮಸ್ವಾಮಿ ಗ್ರಾಂಟ್ ರೋಡಿನಲ್ಲಿ ಇದ್ದಾನೆ. "ಮಾವ ನಿನ್ನನ್ನು ನೋಡಬೇಕು ಅಂದಿದ್ದಾನೆ, ಒಂದು ರಾತ್ರಿ ಇದ್ದು ಬಾ" ಎಂದು ಸುಮಿತ್ರಾಳನ್ನು ಸಂಜೆಯ ಲೋಕಲ್ ಹತ್ತಿಸಿದೆ. ಕಾಯಿದೆ ಸರಿಯಾಗಿ ತಿಳಿದವನಿಗೆ ಸುಳ್ಳು ಹೇಳುವ ಅಗತ್ಯ ಬೀಳುವುದಿಲ್ಲ.

3 ಏಪ್ರಿಲ್, ಭಾನುವಾರ

ಬಂದಳು. ಅತಿಥಿ ಒಬ್ಬರು, ಬಂದ ದಿನ 3.

ಗೇಟಿನ ಟೈಲ್ಸ್ ಕೊನೆಗೂ ಒಡೆಸಿದರು. ಮೀಟರ್ ಕ್ಷೇಮವಾಗಿದೆ, ಯಾರಿಗೂ ಕಾಣದೆ ತಿರುಗುತ್ತಲೇ ಇತ್ತು.

17 ಏಪ್ರಿಲ್, ಭಾನುವಾರ

ಮತ್ತೆ ಹದಿನೈದು. ಮತ್ತೆ ಗ್ರಾಂಟ್ ರೋಡ್. ಚೀಲಕ್ಕೆ ಒಂದು ಸೀರೆ ತುರುಕಿಕೊಳ್ಳುತ್ತಾ ಸುಮಿತ್ರಾ ಕೇಳಿದಳು.

"ಮಾವ ನನ್ನನ್ನ ಕರೀಲೇ ಇಲ್ಲ, ಅಲ್ವಾ ಅಪ್ಪ?"

"ಕರೀದೇ ಇರ್ತಾನಾ? ಅವನ ಕಣ್ಣಿಗೆ ನೀನು ಇನ್ನೂ ಚಿಕ್ಕ ಹುಡುಗಿ."

"ಹೋದ ಸಲ ನಾನು ಹೋದಾಗ ಅವರು ಮನೇಲೇ ಇರಲಿಲ್ಲ. ಅತ್ತೆ ಬಾಗಿಲು ತೆಗೆದು, ಏನಮ್ಮ ಇದ್ದಕ್ಕಿದ್ದ ಹಾಗೆ ಅಂದ್ರು."

ನಾನು ಪೇಪರ್ ಓದುತ್ತಿದ್ದೆ. ಅವಳು ಚಪ್ಪಲಿ ಮೆಟ್ಟಿಕೊಂಡು, "ರಿಜಿಸ್ಟರ್ ನಾನೂ ಓದಿದೀನಿ" ಎಂದಷ್ಟೇ ಹೇಳಿ ಇಳಿದುಹೋದಳು. ಕೋಪ ಮಾಡಿಕೊಳ್ಳಲಿಲ್ಲ. ಅದೇ ನನಗೆ ಹಿಡಿಸಲಿಲ್ಲ.

24 ಏಪ್ರಿಲ್, ಭಾನುವಾರ

ಶೇಖರನ ಕಾಗದ ಬಂದಿದೆ, ನಾಲ್ಕೇ ಸಾಲು. 'ನಾನು ಯಾರನ್ನೂ ಕಳಿಸಿಲ್ಲ. ಬರುವವರು ಬರಬಹುದು. ಬೀರುವಿನ ಬೀಗದಕೈ ಆಕೆಯ ಹತ್ತಿರ ಉಳಿದಿದೆ, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುವುದು.' ಮಗಳನ್ನು ಕೂರಿಸಿಕೊಂಡು ಏನು ನಡೆಯಿತೆಂದು ಕೇಳಿದೆ. ಹೊಡೆದನೆ? ಇಲ್ಲ. ಕುಡಿತವೆ? ಇಲ್ಲ. ಮಾತಾಡುವುದಿಲ್ಲವಂತೆ. ಹೋದ ಆಗಸ್ಟಿನಿಂದ ಒಂದು ಮಾತಿಲ್ಲ. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಊಟದ ಮೇಜಿನ ಮೇಲೆ ಇಡುತ್ತಿದ್ದನಂತೆ. ಯಾಕೆ ಎಂದು ಕೇಳಿದರೆ ಅದಕ್ಕೂ ಚೀಟಿ, 'ಏನಿಲ್ಲ.'

"ಇಷ್ಟಕ್ಕೇನಾ?" ಎಂದೆ. ಒಬ್ಬ ಗಂಡಸು ಮಾತು ಕಡಿಮೆ ಆಡುತ್ತಾನೆಂದು ಮನೆ ಬಿಟ್ಟು ಬರುತ್ತಾರೆಯೆ? ಹಾಗೆ ನೋಡಿದರೆ ಈ ಕಟ್ಟಡದಲ್ಲಿ ಒಬ್ಬ ಹೆಂಗಸೂ ಉಳಿಯಬಾರದು.

ರಮಾಮಣಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು.

29 ಏಪ್ರಿಲ್, ಶುಕ್ರವಾರ

ರಮಾಮಣಿ ಐದು ದಿನದಿಂದ ನನ್ನೊಡನೆ ಮಾತಾಡುತ್ತಿಲ್ಲ. ಕಾಫಿ ತಂದು ಮೇಜಿನ ಮೇಲೆ ಇಟ್ಟು ಹೋಗುತ್ತಾಳೆ. ಬಟ್ಟೆ ಮಡಿಸಿ ಇಡುತ್ತಾಳೆ. ನಿನ್ನೆ ನಶ್ಯದ ಡಬ್ಬಿ ಎಲ್ಲಿ ಎಂದು ಕೇಳಿದೆ, ಎತ್ತಿ ಕೈಗೆ ಕೊಟ್ಟಳು, ಬಾಯಿ ಬಿಡಲಿಲ್ಲ. ಹೆಂಗಸರ ಹಟ. ಎರಡು ದಿನ ನೋಡಿದೆ, ಮೂರನೆಯ ದಿನ ಸಿಟ್ಟು ಬಂತು, ಇವತ್ತು ಬೆಳಿಗ್ಗೆ ಎದ್ದಾಗ ಎದೆಯಲ್ಲಿ ಏನೋ ಭಾರ. ಸೆಖೆ ಜಾಸ್ತಿಯಾಗಿದೆ.

2 ಮೇ, ಸೋಮವಾರ

ಮತ್ತೆ ಹದಿನೈದನೆಯ ದಿನ. ಗ್ರಾಂಟ್ ರೋಡಿನಲ್ಲಿ ರಾಮಸ್ವಾಮಿಯ ಮನೆಯಲ್ಲಿ ಎಲ್ಲರಿಗೂ ಸೀತಾಳೆ ಸಿಡುಬು. ಜೋಗೇಶ್ವರಿಯಲ್ಲಿರುವ ಹಳೆಯ ಸಹೋದ್ಯೋಗಿಯ ಮನೆಗೆ ಕಳಿಸಲೇ ಎಂದು ಯೋಚಿಸುತ್ತಿದ್ದೆ. ಅವನ ಹೆಂಡತಿ ಬಾಯಿಬಡುಕಿ.

ಸುಮಿತ್ರಾ ತಾನೇ ದಾರಿ ತೋರಿಸಿದಳು. "ಅಷ್ಟು ದೂರ ಯಾಕಪ್ಪ? ಇಲ್ಲೇ ಎದುರುಗಡೆ ರಾಚವ್ವನ ಪಕ್ಕ ಮಲಕ್ಕೋತೀನಿ. ಫ್ಲಾಟ್ ಬೇರೆ ತಾನೆ?"

ಕಾಯಿದೆ ತೆಗೆದು ನೋಡಿದೆ. ಹೌದು, ಎಣಿಕೆ ಫ್ಲಾಟಿನ ಮೇಲೆ, ಮಧ್ಯೆ ಎಷ್ಟು ದೂರ ಎಂದು ಎಲ್ಲೂ ಇಲ್ಲ. ಆರು ಅಡಿಯ ಪ್ಯಾಸೇಜ್ ಸಾಕು. ಇಷ್ಟು ದಿನ ಸುಮ್ಮನೆ ಲೋಕಲ್ಲಿಗೆ ದಂಡ ತೆತ್ತೆನಲ್ಲ ಎಂದುಕೊಂಡೆ. ಅವಳು ದಿಂಬು, ಹೊದಿಕೆ ಎತ್ತಿಕೊಂಡು ಹೋದಳು. ಗಂಗುಬಾಯಿ ಬಾಗಿಲು ತೆಗೆದು, "ಬಾರವ್ವಾ ಬಾ" ಎಂದದ್ದು ಕೇಳಿಸಿತು. ಯಾಕೆ ಬಂದೆ ಎಂದು ಕೇಳಲಿಲ್ಲ. ಕೇಳಬೇಕಾದ್ದನ್ನು ಕೇಳುವ ಪದ್ಧತಿಯೇ ಆ ಮನೆಯಲ್ಲಿ ಇಲ್ಲ.

6 ಮೇ, ಶುಕ್ರವಾರ

ಮಾರನೆಯ ದಿನ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಮಧ್ಯಾಹ್ನ ಬಂದು ಒಂದು ಟ್ರಂಕು ತೆಗೆದುಕೊಂಡು ಹೋದಳು. ರಮಾಮಣಿ ಅದರ ಇನ್ನೊಂದು ಹಿಡಿ ಹಿಡಿದಳು.

11 ಮೇ, ಬುಧವಾರ

ಬೆಳಿಗ್ಗೆ ಐದೂವರೆಗೆ ನೀರು ಬಂತು. ನಮ್ಮ ಮನೆಯಲ್ಲಿ ಎರಡು ಬಕೆಟ್ ತುಂಬಲು ಎಷ್ಟು ಹೊತ್ತು? ಏಳು ನಿಮಿಷ. ಆಮೇಲೆ ನಲ್ಲಿ ಮುಚ್ಚಿ ಕೂತರೆ ಎದುರು ಮನೆಯ ಸದ್ದು ಕೇಳುತ್ತದೆ. ಸುಮಿತ್ರಾಳ ದನಿಯೂ ಕೇಳಿತು, ಯಾವುದೋ ಮಗುವಿಗೆ ತಲೆ ಉಜ್ಜಲು ಬೈಯುತ್ತಿದ್ದಳು. ಅವಳು ಜೋರಾಗಿ ಮಾತಾಡಿ ಎಷ್ಟು ಕಾಲವಾಗಿತ್ತು. ಆರೂವರೆಗೆ ನೀರು ನಿಂತಿತು. ಮೊದಲು ಈ ಗದ್ದಲಕ್ಕೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ, ಈಚೆಗೆ ಮರೆತುಹೋಗುತ್ತದೆ.

17 ಮೇ, ಮಂಗಳವಾರ

ಇದನ್ನು ನಡೆದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆಗೆ ಗಂಗುಬಾಯಿ ಬಂದರು. ಕೈಗೆ ಅಂಟಿದ ಹಿಟ್ಟನ್ನೂ ತೊಳೆದಿರಲಿಲ್ಲ.

"ಸಾಹೇಬ್ರ, ನಿಮ್ಮ ಬುಕ್ ತಗೀರಿ. ಇವತ್ತಿಗೆ ನಾವು ಹತ್ತ ಮಂದಿ ಆದಿವಿ."

"ಯಾರು ಬಂದರು?"

"ಬರೂದೇನ್ರಿ, ನಮ್ಮ ಸುಮಿತ್ರಾ. ನಿನ್ನಿಗೆ ಹದಿನೈದ ದಿವಸ ಆತು, ಇವತ್ತ ಹದಿನಾರನೇದ್ದು. ನೀವಽ ಮಾಡಿದ ಕಾಯ್ದೆ ಅಲ್ಲೇನ್ರಿ?"

ಹಂಗಿಸುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಇಲ್ಲ. ಕೂಸಿಗೂ ಪೂರ್ತಿ ತಲೆ ಬರೆಸಿದ ಮನೆ ಅದು. ಇರುವ ಒಬ್ಬರನ್ನು ಇಲ್ಲ ಎಂದು ಬರೆಸುವುದು ಅವರಿಗೆ ಬರುವುದೇ ಇಲ್ಲ.

"ಅವಳು ನಮ್ಮ ಮನೆಯವಳು" ಎಂದೆ.

"ಹಂಗಂದ್ರ ನಿಮ್ಮ ಸಾಲಿನ್ಯಾಗ ಬರಕೋರ್ರಿ, ನಮಗೇನ ಬ್ಯಾಡ ಅನ್ನಾಕ? ಅಲ್ಲೂ ಇಲ್ಲಾ, ಇಲ್ಲೂ ಇಲ್ಲಾ ಅಂದ್ರ ಹುಡುಗಿ ಎಲ್ಲಿ ಅದಾಳ್ರಿ? ಜಳಕಾ ಮಾಡ್ತಾಳ, ಉಣತಾಳ, ಅರಿವಿ ಒಗಿತಾಳ. ನೀರ ಬಳಸೋ ಮನಶ್ಯಾಳು ಅಕಿ."

ನಾನು ರಿಜಿಸ್ಟರ್ ತೆರೆದೆ. ಇನ್ನೇನು ಮಾಡಲಿ? ಫ್ಲಾಟ್ 12, ಹತ್ತನೆಯ ಹೆಸರು. ಸಂಬಂಧದ ಕಾಲಂ ಹತ್ತಿರ ಪೆನ್ನು ನಿಂತಿತು. ಏನಂತ ಬರೆಯಲಿ ಎಂದೆ.

"ಮಗಳು ಅಂತ ಬರೀರಿ. ನಮ್ಮತ್ತಿ ಹಂಗಽ ಕರೀತಾರ."

"ವಾಸಕ್ಕೆ ಕಾರಣ?"

ಗಂಗುಬಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಮಗಳು ಮನ್ಯಾಗ ಇರಾಕ ಕಾರಣ ಬೇಕೇನ್ರಿ?" ಎಂದು ಹೇಳಿ, ಒಲೆಯ ಮೇಲೆ ರೊಟ್ಟಿ ಇದೆ ಎಂದು ಓಡಿದರು.

ಸಂಜೆ ಸುಮಿತ್ರಾಳನ್ನು ಪ್ಯಾಸೇಜಿನಲ್ಲಿ ನಿಲ್ಲಿಸಿ ಮನೆಗೆ ಬಾ ಎಂದೆ.

"ಬಂದ್ರೆ ಏನಂತ ಬರೀತೀರಿ ಅಪ್ಪ?"

"ಸದ್ಯಕ್ಕೆ ಅತಿಥಿ ಅಂತ. ಶೇಖರನ ಕಡೆಯಿಂದ ಒಂದು ಸರಿಯಾದ ಉತ್ತರ ಬರ್ಲಿ."

"ಸರಿ, ಬರ್ಲಿ" ಎಂದು ಒಳಗೆ ಹೋದಳು. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬೇರೆ ಏನೋ ಹೇಳಲು ಹೊರಟಿದ್ದೆ. ಮೂವತ್ತೊಂದು ವರ್ಷ ಹಾಜರಿ ಬರೆದ ನಾಲಿಗೆ.

18 ಮೇ, ಬುಧವಾರ

ತಿದ್ದಿದ ಪಟ್ಟಿಯನ್ನು ಬೋರ್ಡಿಗೆ ಹಚ್ಚಿದೆ. ಫ್ಲಾಟ್ 11, ಎರಡು. ಫ್ಲಾಟ್ 12, ಹತ್ತು. ಎಲ್ಲರೂ ಬಂದು ಓದಿದರು. ಪ್ರತಿ ಸಲ ಕಿತ್ತಾಡುವ ಜನ, ಇವತ್ತು ಒಬ್ಬರೂ ತುಟಿ ಬಿಚ್ಚಲಿಲ್ಲ. ಪಾಟಣಕರ್ ಓದಿ, ನನ್ನ ಭುಜ ತಟ್ಟಿ ಹೋದರು. ಆ ಮನುಷ್ಯ ಬೈದಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ಸುಮಿತ್ರಾ ಮಾರ್ಕೆಟ್ಟಿನಿಂದ ಬರುವಾಗ ಬೋರ್ಡಿನ ಮುಂದೆ ನಿಂತಳು. "ಅಕ್ಷರ ಚೆನ್ನಾಗಿ ಬಂದಿದೆ ಅಪ್ಪ" ಎಂದಳು. ಮೆಟ್ಟಿಲು ಹತ್ತಿದಳು, ನಾನೂ ಹಿಂದೆ ಹತ್ತಿದೆ. ಮೂರನೆಯ ಮಹಡಿಯಲ್ಲಿ ಅವಳು ಎಡಕ್ಕೆ ಹೋದಳು, ನಾನು ಬಲಕ್ಕೆ.

5 ಜೂನ್, ಭಾನುವಾರ

ಅರ್ಧ ಕಿಲೋ ಶೇಂಗಾ ತಂದೆ. ಮನೆಯಲ್ಲಿ ಶೇಂಗಾ ಇತ್ತು. ಸ್ಟೇಷನ್ ರಸ್ತೆಯ ಮುರಿಗೆಪ್ಪನವರ ಅಂಗಡಿಯಲ್ಲಿ ಸುಮಿತ್ರಾ ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ಬಿಲ್ಲು ಬರೆಯುತ್ತಾಳೆ, ಸಂಬಳಕ್ಕೆ. ಮುರಿಗೆಪ್ಪನವರು ಸ್ಟೂಲು ಕೊಟ್ಟು, "ಕೂಡ್ರಿ ಸಾಹೇಬ್ರ, ಅಕಿ ಬಂದಾಗಿಂದ ಉದ್ರಿ ವಸೂಲ ಆಗಾಕ ಹತ್ತೇತಿ" ಎಂದರು. ಇಪ್ಪತ್ತು ನಿಮಿಷ ಕೂತಿದ್ದೆ. ಅವಳು ನನ್ನ ಬಿಲ್ಲನ್ನೂ ಬರೆದಳು, ಐದು ಪೈಸೆಯನ್ನೂ ಬಿಡಲಿಲ್ಲ. ಎಲ್ಲಿ ಕಲಿತಳೋ.

ಪಾಟಣಕರ್ ಅವರ ಅತ್ತೆ ಮತ್ತೆ ಬಂದಿದ್ದಾರಂತೆ, ಮೂರು ವಾರವಾಯಿತೆಂದು ವಾಚ್‌ಮನ್ ಹೇಳಿದ. ಬರೆಯಲು ಮರೆತೆ.

16 ಜೂನ್, ಗುರುವಾರ

ಮಳೆ ಹಿಡಿದಿದೆ. ಶೇಖರನ ಎರಡನೆಯ ಕಾಗದ. 'ತಪ್ಪೊಪ್ಪಿಗೆ ಬರೆದು ಕೊಟ್ಟರೆ ಪರಿಶೀಲಿಸಲಾಗುವುದು.' ಸರ್ಕಾರಿ ಕಚೇರಿಯಲ್ಲೂ ಇದಕ್ಕಿಂತ ಪ್ರೀತಿಯಿಂದ ಬರೆಯುತ್ತಾರೆ. ಇವನನ್ನು ಗಂಭೀರ ಎಂದವರು ಯಾರು? ಬಾಯಿಗೆ ಬೀಗ ಹಾಕಿಕೊಂಡು ಕೂತ ಹೆಡ್ಡ, ತನ್ನ ಹೆಡ್ಡತನ ಹೊರಗೆ ಬಿದ್ದೀತೆಂದು ಎಂಟು ತಿಂಗಳು ಚೀಟಿ ಬರೆದ.

ಬೀಗದಕೈಯನ್ನು ರಿಜಿಸ್ಟರ್ ಪೋಸ್ಟ್ ಮಾಡಿದೆ. ಜೊತೆಗೆ ಒಂದು ಚೀಟಿ ಇಟ್ಟೆ. 'ಏನಿಲ್ಲ' ಎಂದು ಬರೆದೆ. ರಮಾಮಣಿಗೆ ತೋರಿಸಿದೆ. ಐವತ್ತಮೂರು ದಿನದ ನಂತರ ನನ್ನೊಡನೆ ಮಾತಾಡಿದಳು. "ಸ್ಟ್ಯಾಂಪ್ ಸರಿಯಾಗಿ ಹಚ್ಚಿ" ಎಂದಳು.

26 ಜೂನ್, ಭಾನುವಾರ

ಮೀಟಿಂಗ್. ಮೀಟರ್ ಓದಿದ ಮೇಲಿನ ಬಿಲ್ಲು ಬಂದಿದೆ, ಮೊದಲಿನಷ್ಟೇ. ಅಂದಾಜಿನಲ್ಲಿ ಹೆಚ್ಚಿಗೆ ಕಟ್ಟಿದ್ದು ಮುಂದಿನದರಲ್ಲಿ ವಜಾ. ಅಂದರೆ ಯಾರೂ ಹೆಚ್ಚು ನೀರು ಬಳಸಿರಲಿಲ್ಲ. ಎಲ್ಲ ಆ ಕಮಲದ ಟೈಲ್ಸ್‌ನ ಪ್ರತಾಪ. ಹಾಗಾದರೆ ತಲೆಲೆಕ್ಕ ಇನ್ಯಾಕೆ, ಬಿಡೋಣ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ನನಗೆ ನೋವಾಗಬಾರದೆಂದು ಪಾಟಣಕರ್ ಅದನ್ನೇ ಮೆತ್ತಗೆ ಹೇಳಿದರು. ಅಕ್ಟೋಬರಿನಿಂದ ಬಿಡಿ, ಜುಲೈ ಪಟ್ಟಿ ನಾನು ಬರೆಯುತ್ತೇನೆ ಎಂದೆ. ಮುದುಕನ ಹಟ ಎಂದು ಒಪ್ಪಿಕೊಂಡರು.

1 ಜುಲೈ, ಶುಕ್ರವಾರ

ಹೊಸ ತ್ರೈಮಾಸಿಕ. ಬೆಳಿಗ್ಗೆ ನೀರು ಬರುವ ಮುಂಚೆಯೇ ಎದ್ದು ಪಟ್ಟಿ ಬರೆದೆ. ಎಲ್ಲರಿಗಿಂತ ಮೊದಲು ನಮ್ಮ ಸಾಲು. ಫ್ಲಾಟ್ 11, ಮೂರು. ಜಯಸಿಂಹ. ರಮಾಮಣಿ. ಸುಮಿತ್ರಾ, ಮಗಳು, ಖಾಯಂ. ಕಾರಣದ ಕಾಲಂನಲ್ಲಿ ಏನೂ ಬರೆಯಲಿಲ್ಲ. ಆಮೇಲೆ ಇಡೀ ಪಟ್ಟಿಯಿಂದಲೇ ಆ ಕಾಲಂ ಹೊಡೆದುಹಾಕಿದೆ.

ಹೆಸರು ವಾಪಸು ಕೊಡಿ ಎಂದು ಕೇಳಲು ಎದುರು ಮನೆಗೆ ಹೋದೆ. ರಾಚವ್ವ ಬಾಗಿಲಲ್ಲೇ ಕೂತಿದ್ದರು. ಕಿವಿ ಮಂದ. ಎರಡು ಸಲ ಕೂಗಿ ಹೇಳಿದೆ.

"ತಗೀಯಾಕ ಬರಂಗಿಲ್ಲೋ ಯಪ್ಪಾ. ಒಮ್ಮಿ ಮಗಳು ಅಂದ ಮ್ಯಾಲ ಹೊಡ್ಯೂದ್ಹೆಂಗ? ನೀನೂ ಬರಕೋ, ನಮ್ಮಲ್ಲೂ ಇರ್ಲಿ."

ಗಂಗುಬಾಯಿ ಒಳಗಿನಿಂದ, "ಹೌದ್ರಿ, ಇರ್ಲಿ" ಎಂದರು. ಹಾಗೆಯೇ ಹಚ್ಚಿದೆ. ಫ್ಲಾಟ್ 11, ಮೂರು. ಫ್ಲಾಟ್ 12, ಹತ್ತು.

ಹತ್ತು ಗಂಟೆಗೆ ಪಾಟಣಕರ್ ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದರು. ಐದು ತಿಂಗಳಲ್ಲಿ ಮೊದಲ ಸಲ ಆ ಮನುಷ್ಯನಿಗೆ ಕೂಡಿಸಲು ಬಂದಿದೆ. "ಜಯಸಿಂಹಜಿ, ಟೋಟಲ್ ಗಲತ್ ಹೈ. ಬಿಲ್ಡಿಂಗ್ ಮೆ ಸತ್ತರ್ ಲೋಗ್, ಲಿಸ್ಟ್ ಮೆ ಇಕಹತ್ತರ್. ಆಪ್ ಕೀ ಬೇಟಿ ದೋ ಜಗಹ ಹೈ. ಏಕ್ ಕಾಟೋ."

ಎಪ್ಪತ್ತು ಜನಕ್ಕೆ ಎಪ್ಪತ್ತೊಂದು ಹೆಸರು! ಮೂವತ್ತೊಂದು ವರ್ಷದಲ್ಲಿ ನನ್ನ ಮೊತ್ತ ಒಮ್ಮೆಯೂ ತಪ್ಪಿರಲಿಲ್ಲ. ನಹೀ ಕಾಟೂಂಗಾ, ಒಂದು ಹೆಸರನ್ನೂ ಹೊಡೆಯುವುದಿಲ್ಲ ಎಂದೆ. ತಪ್ಪು ಹಾಗೇ ಇರಲಿ, ಬೇಕಾದರೆ ಕೆಳಗೆ ನನ್ನ ಸಹಿ ಹಾಕುತ್ತೇನೆ ಎಂದೆ. ನನಗೆ ಬಿಸಿಲು ಬಡಿದಿದೆ ಎಂದುಕೊಂಡಿರಬೇಕು, ಮಳೆಗಾಲದಲ್ಲಿ.

ಅವರು ಇಳಿದುಹೋದ ಮೇಲೆ ನೋಡಿದರೆ ಸುಮಿತ್ರಾ ಪ್ಯಾಸೇಜಿನಲ್ಲಿ ನಿಂತಿದ್ದಳು. ಅಂಗಡಿಗೆ ಹೊರಟವಳು ಕೆಳಗೆ ಬೋರ್ಡು ಓದಿ ಮತ್ತೆ ಹತ್ತಿ ಬಂದಿದ್ದಳು. ಕಣ್ಣು ಕೆಂಪಾಗಿತ್ತು, ಆದರೂ ನಗುತ್ತಿದ್ದಳು.

"ಎರಡು ಕಡೆ ಬರೆದಿದೀರಲ್ಲಪ್ಪ, ಈಗ ನಾನು ಎಲ್ಲಿ ಸ್ನಾನ ಮಾಡ್ಬೇಕು?"

"ಎಲ್ಲಿ ಬೇಕಾದ್ರೂ ಮಾಡು" ಎಂದೆ. "ಎರಡೂ ಕಡೆ ನೀನು ಮನೆಯವಳೇ."